‘ಈಡಿಕ್ಟ್’ ಎಂಬ ಶಬ್ದದ ಅರ್ಥವೂ ಮೊಳಕಾಲ್ಮೂರಿನ ಧರ್ಮಲಿಪಿಗಳೂ

ಇಂಗ್ಲಿಷಿನ ‘ಈಡಿಕ್ಟ್’ ಎಂಬುದು ದಿನಬಳಕೆಯ ಮಾತಲ್ಲ. ಗ್ರಂಥಸ್ಥವಾದ, ಗಂಭೀರವಾದ ಶಬ್ದ. ಕನ್ನಡನಾಡಿನ ವಿದ್ಯಾರ್ಥಿಗೆ ಇದು ಸಾಮಾನ್ಯವಾಗಿ ಮೊದಲು ಎದುರಾಗುವುದು ಚರಿತ್ರೆಯ ಪಾಠದಲ್ಲಿ, ಅಶೋಕನ ಹೆಸರಿನೊಡನೆ. ಆಗ ಅವನು ಬರೆದುಕೊಳ್ಳುವ ಅರ್ಥವು ‘ಶಾಸನ’ ಎಂಬುದೊಂದೇ. ಈ ಅರ್ಥವನ್ನು ತಪ್ಪೆನ್ನಲಾಗದು. ಆದರೆ ಅದೇ ವಿದ್ಯಾರ್ಥಿಯು ಹಲ್ಮಿಡಿಯ ಶಾಸನವನ್ನೋ ಆತಕೂರಿನ ಕಲ್ಲನ್ನೋ ಇಂಗ್ಲಿಷಿನಲ್ಲಿ ಹೆಸರಿಸಬೇಕಾಗಿ ಬಂದು ಅವನ್ನೂ ‘ಈಡಿಕ್ಟ್’ ಎಂದು ಬರೆದನೆಂದರೆ, ಅವನನ್ನು ತಿದ್ದುವುದಕ್ಕೆ ಆ ಒಂದು ಶಬ್ದದ ಟಿಪ್ಪಣಿಯಲ್ಲಿ ಏನೂ ಇರುವುದಿಲ್ಲ. ಹಲ್ಮಿಡಿಯದು ದತ್ತಿಯ ಬರಹ. ಆತಕೂರಿನದು ಮಣಲೆರನೆಂಬ ವೀರನ ಮತ್ತು ಕಾಳಿಯೆಂಬ ಬೇಟೆನಾಯಿಯ ನೆನಪಿನ ಕಲ್ಲು. ಇವೆರಡರಲ್ಲಿ ಯಾವುದನ್ನೂ ಇಂಗ್ಲಿಷ್ ಬಲ್ಲವನು ‘ಈಡಿಕ್ಟ್’ ಎನ್ನಲಾರನು.

ಹಾನಿಯು ಇಂಗ್ಲಿಷ್ ಬರೆವಣಿಗೆಯಲ್ಲಿ ಮುಗಿದಿದ್ದರೆ ಚಿಂತೆಯಿರಲಿಲ್ಲ. ಅದು ಹಿಂದಿರುಗಿ ಕನ್ನಡದ ಓದಿಗೂ ತಗಲುತ್ತದೆ. ‘ಬ್ರಹ್ಮಗಿರಿಯ ಶಾಸನ’ ಎಂದೊಡನೆ ನಮ್ಮ ವಾಚಕರ ಮನಸ್ಸಿಗೆ ಬರುವುದು ರಾಜಪ್ರಶಸ್ತಿ, ಭೂದಾನ, ಮಾನ್ಯದ ಎಲ್ಲೆಗಳು, ಕಡೆಯಲ್ಲಿ ಶಾಪಾಶಯದ ಶ್ಲೋಕ. ಬ್ರಹ್ಮಗಿರಿಯ ಬಂಡೆಯಲ್ಲಿ ಇವು ಒಂದೂ ಇಲ್ಲ. ಅಲ್ಲಿ ಏನಿದೆಯೆಂಬುದನ್ನು ಕಾಣಿಸಬಲ್ಲ ಶಬ್ದವೇ ‘ಈಡಿಕ್ಟ್’. ಆದುದರಿಂದ ಈ ಶಬ್ದವನ್ನು ಕಲಿಸುವುದಕ್ಕೆ ಆ ಬಂಡೆಗಿಂತ ಒಳ್ಳೆಯ ಪಾಠಸ್ಥಳವು ದೊರೆಯುವುದು ಕಷ್ಟ.

ಚಿತ್ರದುರ್ಗ ಜಿಲ್ಲೆಯ ಈಶಾನ್ಯದ ಅಂಚಿನಲ್ಲಿ ಮೊಳಕಾಲ್ಮೂರು ತಾಲ್ಲೂಕು ಇದೆ. ಅದಕ್ಕೆ ಹೊಂದಿಕೊಂಡು ಚಳ್ಳಕೆರೆ ತಾಲ್ಲೂಕು. ೧೮೯೨ರಲ್ಲಿ ಮೈಸೂರು ಸರ್ಕಾರದ ಶಾಸನ ಪರಿಶೋಧಕರಾಗಿದ್ದ ಬಿ. ಎಲ್. ರೈಸ್‌ರವರು ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರ, ಬ್ರಹ್ಮಗಿರಿ, ಜಟಿಂಗ ರಾಮೇಶ್ವರ ಎಂಬ ಮೂರೆಡೆಗಳಲ್ಲಿ ಅಶೋಕನ ಬರಹಗಳನ್ನು ಕಂಡುಹಿಡಿದರು. ಕ್ರಿಸ್ತಪೂರ್ವ ಮೂರನೆಯ ಶತಮಾನದ ಈ ಬರಹಗಳ ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಮೌರ್ಯರ ಆಳಿಕೆಯು ದಕ್ಷಿಣದಲ್ಲಿ ಎಲ್ಲಿಯವರೆಗೆ ಹಬ್ಬಿತ್ತೆಂಬ ಪ್ರಶ್ನೆಗೆ ಅವುಗಳಿಂದ ಮೊದಲ ಬಾರಿ ಗಟ್ಟಿಯಾದ ಉತ್ತರ ದೊರೆಯಿತು. ರೈಸ್‌ರವರು ಆಗ ಹೊರತಂದ ವರದಿಯ ಹೆಸರಿನಲ್ಲಿಯೇ ‘ಈಡಿಕ್ಟ್ಸ್’ ಎಂಬ ಶಬ್ದವಿದೆ. ಮುಂದೆ ಎಪಿಗ್ರಾಫಿಯ ಕರ್ನಾಟಿಕದ ಹನ್ನೊಂದನೆಯ ಸಂಪುಟವು ೧೯೦೩ರಲ್ಲಿ ಅಚ್ಚಾದಾಗ ಮೊಳಕಾಲ್ಮೂರಿನ ಬರಹಗಳೂ ಚಳ್ಳಕೆರೆಯವೂ ಒಂದೇ ರಟ್ಟಿನೊಳಗೆ ಸೇರಿದುವು. ಈ ಸೀಮೆಯ ಉಳಿದ ಬರಹಗಳು ಬಹುಪಾಲು ಕನ್ನಡದವು; ದೇವಾಲಯಕ್ಕೆ ಬಿಟ್ಟ ಭೂಮಿ, ಕೆರೆಗೆ ಬಿಟ್ಟ ಮಾನ್ಯ, ತುರುಗಳನ್ನು ಮರಳಿಸುತ್ತ ಮಡಿದ ವೀರರು ಅವುಗಳ ವಿಷಯ. ಇಂಗ್ಲಿಷಿನಲ್ಲಿ ಇವೆಲ್ಲವೂ, ಅಶೋಕನವೂ ಸೇರಿ, ‘ಇನ್‌ಸ್ಕ್ರಿಪ್ಷನ್’ಗಳು. ಆದರೆ ‘ಈಡಿಕ್ಟ್’ ಎಂಬ ಹೆಸರು ಮೌರ್ಯರ ಆ ಮೂರಕ್ಕೆ ಮಾತ್ರ ಮೀಸಲಾಯಿತು. ಕನ್ನಡದಲ್ಲಿ ಎಲ್ಲಕ್ಕೂ ಒಂದೇ ಹೆಸರು: ಶಾಸನ.

ಎರಡು ಇಂಗ್ಲಿಷ್ ಶಬ್ದಗಳ ಭೇದವು ಅವುಗಳ ವ್ಯುತ್ಪತ್ತಿಯಲ್ಲಿಯೇ ಇದೆ. ‘ಇನ್‌ಸ್ಕ್ರಿಪ್ಷನ್’ ಎಂಬುದು ಲ್ಯಾಟಿನ್ನಿನಲ್ಲಿ ‘ಮೇಲೆ ಬರೆಯುವುದು’ ಎಂಬರ್ಥದ ಧಾತುವಿನಿಂದ ಬಂದುದು. ಕಲ್ಲೋ ಲೋಹವೋ ಒಂದು ಆಧಾರವಿಲ್ಲದೆ ಅದು ಇರಲಾರದು. ‘ಈಡಿಕ್ಟ್’ ಆದರೋ ‘ಎ’ ಎಂಬ ಉಪಸರ್ಗಕ್ಕೆ ‘ನುಡಿ’ ಎಂಬರ್ಥದ ‘ಡೀಕೆರೆ’ ಧಾತು ಸೇರಿ ಆದುದು: ಹೊರಗೆ ನುಡಿದುದು, ಎಲ್ಲರೂ ಕೇಳುವಂತೆ ನುಡಿದುದು. ಮೊದಲನೆಯದು ಕೈಯ ಕೆಲಸ, ಎರಡನೆಯದು ಬಾಯಿಯ ಕೆಲಸ. ಇಂಗ್ಲಿಷಿನಲ್ಲಿ ಶಬ್ದದ ಮೊದಲ ಸ್ವರವು ದೀರ್ಘ, ಒತ್ತು ಬೀಳುವುದೂ ಅದರ ಮೇಲೆಯೇ. ಕನ್ನಡದಲ್ಲಿ ರೂಢಿಯಾಗಿರುವ ‘ಎಡಿಕ್ಟ್’ ಎಂಬ ಬರೆವಣಿಗೆಯು ಉಚ್ಚಾರಣೆಗೆ ಹೊಂದುವುದಿಲ್ಲ. ಈ ಲ್ಯಾಟಿನ್ ಧಾತುವಿಗೂ ಸಂಸ್ಕೃತದ ‘ದಿಶ್’ ಧಾತುವಿಗೂ ಮೂಲವೊಂದೇ ಎಂದು ಭಾಷಾಶಾಸ್ತ್ರಜ್ಞರು ಒಪ್ಪಿರುವರು. ಹಾಗಾದರೆ ‘ಈಡಿಕ್ಟ್’ಗೆ ರಕ್ತಸಂಬಂಧಿಯಾದ ಶಬ್ದವು ನಮ್ಮಲ್ಲಿ ‘ಆದೇಶ’. ಕರ್ನಾಟಕ ಸರ್ಕಾರವು ಹೊರಡಿಸುವ ಕಾಗದಗಳ ನೆತ್ತಿಯ ಮೇಲೆ ಇಂದಿಗೂ ಇರುವುದು ಈ ಮಾತೇ. ವ್ಯಾಕರಣದ ಉಪಾಧ್ಯಾಯರು ಇದನ್ನು ಸಂಧಿಯ ಹೆಸರಾಗಿ ಬಲ್ಲರು. ಒಂದಕ್ಷರವು ಹೋಗಿ ಇನ್ನೊಂದು ಬರಬೇಕೆಂಬುದೂ ಒಂದು ಬಗೆಯ ಅಪ್ಪಣೆಯೇ ಅಲ್ಲವೆ!

ರೋಮಿನಲ್ಲಿ ಪ್ರೀಟರನೆಂಬ ನ್ಯಾಯಾಧಿಕಾರಿಯು ಪದವಿಯನ್ನು ಸ್ವೀಕರಿಸಿದೊಡನೆ, ತನ್ನ ವರ್ಷದಲ್ಲಿ ನ್ಯಾಯವನ್ನು ಹೇಗೆ ನಡೆಯಿಸುವೆನೆಂಬುದನ್ನು ಪ್ರಕಟಿಸುತ್ತಿದ್ದನು. ಅದೇ ಅವನ ‘ಈಡಿಕ್ಟಮ್’. ಅದನ್ನು ಬರೆದು ತೋರಿಸುತ್ತಿದ್ದುದು ಸುಣ್ಣ ಬಳಿದ ಹಲಗೆಯ ಮೇಲೆ; ಅವನ ವರ್ಷದೊಡನೆ ಅದರ ಬಲವೂ ತೀರುತ್ತಿತ್ತು. ಕ್ರಿ.ಶ. ೩೦೧ರಲ್ಲಿ ಡಯೊಕ್ಲೀಷಿಯನ್ ಚಕ್ರವರ್ತಿಯು ಪದಾರ್ಥಗಳ ಬೆಲೆಗೂ ಕೂಲಿಗೂ ಮಿತಿಯನ್ನು ಕಟ್ಟಿ ಹೊರಡಿಸಿದ ಆಜ್ಞೆಯು ಕಲ್ಲಿನ ತುಣುಕುಗಳಲ್ಲಿ ಉಳಿದುಬಂದಿದೆ. ಅದು ‘ಈಡಿಕ್ಟ್’ ಹೌದು, ‘ಇನ್‌ಸ್ಕ್ರಿಪ್ಷನ್’ ಕೂಡ ಹೌದು. ಫ್ರಾನ್ಸಿನ ನಾಲ್ಕನೆಯ ಹೆನ್ರಿಯು ೧೫೯೮ರಲ್ಲಿ ನಾಂಟ್ ಪಟ್ಟಣದಲ್ಲಿ ಹೊರಡಿಸಿ, ಹದಿನಾಲ್ಕನೆಯ ಲೂಯಿಯು ೧೬೮೫ರಲ್ಲಿ ರದ್ದುಮಾಡಿದ ಆಜ್ಞೆಯು ‘ಈಡಿಕ್ಟ್’ ಮಾತ್ರ. ಅದಕ್ಕೆ ಕಲ್ಲಿನ ಸಂಬಂಧವಿಲ್ಲ. ಹೀಗೆ ಒಂದು ವರ್ಗವು ಮತ್ತೊಂದರ ಒಳಗೆ ಅಡಗುವುದಿಲ್ಲ. ಎರಡು ವರ್ತುಲಗಳು ಒಂದು ಕಡೆ ಮಾತ್ರ ಕೂಡುತ್ತವೆ. ಮೊಳಕಾಲ್ಮೂರಿನ ಬಂಡೆಗಳು ನಿಂತಿರುವುದು ಆ ಕೂಡುವ ಎಡೆಯಲ್ಲಿ.

ಬ್ರಹ್ಮಗಿರಿಯ ಬರಹವನ್ನು ಸ್ವಲ್ಪ ನಿಧಾನವಾಗಿ ನೋಡತಕ್ಕುದು. ಅದು ದೊರೆಯ ಮಾತಿನಿಂದ ಆರಂಭವಾಗುವುದಿಲ್ಲ. ಸುವರ್ಣಗಿರಿಯಿಂದ ಆರ್ಯಪುತ್ರನೂ ಅಲ್ಲಿಯ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಆರೋಗ್ಯವನ್ನು ಹಾರೈಸಿ ಕಳುಹಿದ ಒಕ್ಕಣೆಯು ಮೊದಲು ಬರುತ್ತದೆ. ಇಸಿಲವೆಂಬುದು ಈ ಬಂಡೆಗಳ ನೆರೆಯಲ್ಲಿಯೇ ಇದ್ದ ಪಟ್ಟಣವೆಂದು ವಿದ್ವಾಂಸರ ಅಭಿಪ್ರಾಯ. ೧೯೪೭ರಲ್ಲಿ ಮಾರ್ಟಿಮರ್ ವೀಲರ್ ಅವರು ಬ್ರಹ್ಮಗಿರಿಯಲ್ಲಿ ನಡೆಯಿಸಿದ ಉತ್ಖನನವು ಈ ನೆಲದಲ್ಲಿ ಬಹುಕಾಲ ಜನವಸತಿಯಿದ್ದುದನ್ನು ತೋರಿಸಿಕೊಟ್ಟಿತು. ಕ್ಷೇಮಸಮಾಚಾರದ ಅನಂತರವೇ ‘ದೇವಾನಾಂಪ್ರಿಯನು ಆಜ್ಞಾಪಿಸುತ್ತಾನೆ’ ಎಂಬರ್ಥದ ಮಾತು. ಅಲ್ಲಿ ಬಳಸಿರುವ ಕ್ರಿಯಾಪದವು ‘ಆಣಪಯತಿ’. ತಾನು ಎರಡೂವರೆ ವರ್ಷಕ್ಕೂ ಮಿಕ್ಕು ಉಪಾಸಕನಾಗಿದ್ದರೂ ಒಂದು ವರ್ಷ ಹೆಚ್ಚಾಗಿ ಪ್ರಯತ್ನಪಡಲಿಲ್ಲವೆಂದೂ, ಸಂಘವನ್ನು ಸೇರಿದ ಮೇಲೆ ಶ್ರಮಪಟ್ಟೆನೆಂದೂ, ಪ್ರಯತ್ನದ ಫಲವು ದೊಡ್ಡವರಿಗೆ ಮಾತ್ರವಲ್ಲದೆ ಸಣ್ಣವರಿಗೂ ಸಾಧ್ಯವೆಂದೂ ಅವನು ಹೇಳಿಕೊಳ್ಳುತ್ತಾನೆ. ತನ್ನ ಆಲಸ್ಯವನ್ನು ತಾನೇ ಒಪ್ಪಿಕೊಂಡು ಆಜ್ಞೆಯನ್ನು ಆರಂಭಿಸುವ ದೊರೆಗಳು ಲೋಕದಲ್ಲಿ ವಿರಳ. ಇದಕ್ಕಾಗಿಯೇ ಈ ‘ಸಾವಣ’ವನ್ನು ಕೇಳಿಸಲಾಯಿತೆಂಬುದು ಮುಂದಿನ ಮಾತು. ‘ಸಾವಣ’ವೆಂದರೆ ಸಂಸ್ಕೃತದ ಶ್ರಾವಣ, ಕಿವಿಗೆ ಬೀಳಿಸಿದುದು. ಎರಡನೆಯ ಭಾಗದಲ್ಲಿ ತಾಯಿತಂದೆಗಳ ಶುಶ್ರೂಷೆ, ಪ್ರಾಣಿಗಳಲ್ಲಿ ದಯೆ, ಸತ್ಯವಚನ, ಆಚಾರ್ಯನಲ್ಲಿ ಅಂತೇವಾಸಿಯ ಗೌರವ, ಬಂಧುಗಳಲ್ಲಿ ತಕ್ಕ ನಡತೆ ವಿಧಿಸಲ್ಪಟ್ಟಿವೆ. ಕಡೆಯಲ್ಲಿ, ಬರೆದವನು ಚಪಡನೆಂಬ ಲಿಪಿಕಾರನೆಂದಿದೆ. ‘ಲಿಪಿಕಾರನಿಂದ’ ಎಂಬರ್ಥದ ಆ ಒಂದು ಶಬ್ದವನ್ನು ಮಾತ್ರ ಅವನು ಬಲದಿಂದ ಎಡಕ್ಕೆ ಓದುವ ಖರೋಷ್ಠಿಯಲ್ಲಿ ಕೆತ್ತಿದ್ದಾನೆ. ವಾಯವ್ಯದ ಪ್ರಾಂತಗಳ ಸಂಬಂಧವಿದ್ದವನಿರಬೇಕೆಂದು ಇದರಿಂದ ಊಹಿಸಿರುವರು.

ಈ ಒಂದು ಬಂಡೆಯಲ್ಲಿ ಮೂರು ಪದರಗಳು ಕಂಡುಬರುವುವು. ಹೊರಗಿನದು ಚಪಡನ ಕೆತ್ತನೆ. ‘ಇನ್‌ಸ್ಕ್ರಿಪ್ಷನ್’ ಎಂಬ ಮಾತು ಸಲ್ಲುವುದು ಅದಕ್ಕೆ. ಅದರೊಳಗೆ ಸುವರ್ಣಗಿರಿಯ ಅಧಿಕಾರಿಗಳು ಇಸಿಲದ ಅಧಿಕಾರಿಗಳಿಗೆ ಬರೆದ ಓಲೆ. ಅದರೊಳಗೆ ದೇವಾನಾಂಪ್ರಿಯನ ನುಡಿ. ‘ಈಡಿಕ್ಟ್’ ಎಂಬುದು ಆ ನುಡಿ ಮಾತ್ರ. ಕ್ಷೇಮವನ್ನು ಹಾರೈಸಿದ ವಾಕ್ಯವನ್ನಾಗಲಿ ಲಿಪಿಕಾರನ ಅಂಕಿತವನ್ನಾಗಲಿ ಆಜ್ಞೆಯ ಭಾಗವೆಂದು ಎಣಿಸಲಾಗದು. ‘ಶಾಸನ’ವೆಂಬ ಒಂದೇ ಶಬ್ದವನ್ನು ಹೊದಿಸಿದಾಗ ಮೂರು ಪದರಗಳೂ ಬೆಸೆದುಹೋಗುತ್ತವೆ. ಐರೋಪ್ಯ ವಿದ್ವಾಂಸರಿಗೂ ಈ ತೊಡಕು ತಪ್ಪಿದುದಲ್ಲ. ಕ್ರಿ.ಶ. ೩೧೩ರ ಮಿಲಾನಿನ ‘ಈಡಿಕ್ಟ್’ ಎಂದು ಪ್ರಸಿದ್ಧವಾದುದು ಇಂದು ಉಳಿದಿರುವುದು ಪ್ರಾಂತಾಧಿಕಾರಿಗಳಿಗೆ ಹೋದ ಪತ್ರದ ರೂಪದಲ್ಲಿ. ಅದನ್ನು ಆ ಹೆಸರಿನಿಂದ ಕರೆಯಬಹುದೆ ಎಂದು ಚರಿತ್ರಕಾರರು ಸಂದೇಹಪಟ್ಟಿರುವರು.

ಕೇಳಿಸುವುದು ಮೊದಲು, ಕೆತ್ತುವುದು ಆಮೇಲೆ ಎಂಬುದಕ್ಕೆ ಇದೇ ಆಜ್ಞೆಯ ಬೇರೆ ಪ್ರತಿಗಳಲ್ಲಿ ಸಾಕ್ಷ್ಯವಿದೆ. ಮಧ್ಯಪ್ರದೇಶದ ರೂಪನಾಥ, ಬಿಹಾರದ ಸಹಸರಾಮ್ ಎಂಬಲ್ಲಿಯ ಪ್ರತಿಗಳಲ್ಲಿ ಈ ವಿಷಯವನ್ನು ಪರ್ವತಗಳ ಮೇಲೆಯೂ, ಶಿಲಾಸ್ತಂಭಗಳಿರುವ ಕಡೆ ಅವುಗಳ ಮೇಲೆಯೂ ಬರೆಯಿಸಬೇಕೆಂದು ಬೇರೆಯೇ ಒಂದು ಅಪ್ಪಣೆಯುಂಟು. ಕರ್ನೂಲು ಜಿಲ್ಲೆಯ ಎರ್ರಗುಡಿಯ ಪ್ರತಿಯು ಇನ್ನೂ ಸ್ಪಷ್ಟವಾದುದು: ರಜ್ಜುಕನೆಂಬ ಅಧಿಕಾರಿಗೆ ಅಪ್ಪಣೆ ಹೋಗಬೇಕು, ಅವನು ಭೇರಿಯನ್ನು ಬಾರಿಸಿ ಜನಪದಕ್ಕೆ ತಿಳಿಸಬೇಕು. ೧೯೭೦ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳಗಳಲ್ಲಿ ದೊರೆತವು ಈ ಎರ್ರಗುಡಿಯ ಪಾಠಕ್ಕೆ ಹತ್ತಿರವಾದುವು. ಭೇರಿಯಿಂದ ತಿಳಿಸುವುದೆಂದರೆ ನಮ್ಮ ಊರುಗಳಲ್ಲಿ ತಳವಾರನು ತಮಟೆ ಬಡಿದು ಸಾರುತ್ತಿದ್ದ ರೀತಿಯೇ. ಅಕ್ಷರ ಬಾರದ ಜನಕ್ಕೆ ದೊರೆಯ ಮಾತು ಮುಟ್ಟುತ್ತಿದ್ದುದು ಆ ದಾರಿಯಿಂದ. ಬಂಡೆಯ ಬರಹವು ಸಾರಿದುದು ಅಳಿಯದೆ ಉಳಿಯಲೆಂದು ಮಾಡಿದ ಏರ್ಪಾಟು.

ಇನ್ನು ‘ಶಾಸನ’ ಶಬ್ದದ ಕಡೆಗೆ ತಿರುಗಬಹುದು. ‘ಶಾಸ್’ ಧಾತುವಿಗೆ ಆಳು, ವಿಧಿಸು, ದಂಡಿಸು ಎಂಬ ಅರ್ಥಗಳೊಡನೆ ಕಲಿಸು ಎಂಬರ್ಥವೂ ಉಂಟು. ಶಾಸ್ತ್ರ, ಶಿಷ್ಯ ಎಂಬ ಮಾತುಗಳು ಹುಟ್ಟಿದುದು ಇದರಿಂದಲೇ. ಅಶೋಕನು ತನ್ನ ಬರಹಗಳನ್ನು ಗಿರ್ನಾರ್ ಮೊದಲಾದ ಕಡೆಗಳಲ್ಲಿ ‘ಧರ್ಮಲಿಪಿ’ಯೆಂದು ಕರೆದಿದ್ದಾನೆ. ಸಾರನಾಥದ ಸ್ತಂಭದಲ್ಲಿ ಸಂಘಭೇದವನ್ನು ಮಾಡುವವರ ವಿಷಯವಾದ ಆಜ್ಞೆಗೆ ‘ಸಾಸನ’ವೆಂಬ ಮಾತನ್ನೇ ಬಳಸಿದ್ದಾನೆ. ಏಳನೆಯ ಸ್ತಂಭಲೇಖದಲ್ಲಿ ಧರ್ಮದ ‘ಸಾವನ’, ಧರ್ಮದ ‘ಅನುಸಥಿ’ ಎಂದು ಎರಡನ್ನು ಜೊತೆಯಾಗಿ ಹೇಳುತ್ತಾನೆ: ಕೇಳಿಸುವುದು ಒಂದು, ಅನುಶಾಸನಮಾಡುವುದು ಇನ್ನೊಂದು. ಆದುದರಿಂದ ‘ಈಡಿಕ್ಟ್’ಗೆ ‘ಶಾಸನ’ವೆಂದು ಅರ್ಥ ಬರೆದವರು ಮೂಲವನ್ನು ಬಿಟ್ಟು ದೂರ ಹೋದವರಲ್ಲ. ಶಬ್ದದ ಅರ್ಥವು ಅನಂತರ ಸರಿದುದರಿಂದ ತೊಡಕಾಯಿತು.

ಆ ಸರಿದಾಟದ ಜಾಡನ್ನು ಧರ್ಮಶಾಸ್ತ್ರ ಅರ್ಥಶಾಸ್ತ್ರಗಳಲ್ಲಿ ಹಿಡಿಯಬಹುದು. ಕೌಟಿಲ್ಯನು ಶಾಸನಾಧಿಕಾರದ ಅಧ್ಯಾಯದಲ್ಲಿ ರಾಜನ ಕಡೆಯಿಂದ ಹೊರಡುವ ಬರಹಗಳೆಲ್ಲವನ್ನೂ ಶಾಸನವೆಂದು ಕರೆದು, ಅವುಗಳಲ್ಲಿ ಪ್ರಜ್ಞಾಪನ, ಆಜ್ಞಾ, ಪರಿದಾನ, ಪರೀಹಾರ, ನಿಸೃಷ್ಟಿ, ಪ್ರಾವೃತ್ತಿಕ, ಪ್ರತಿಲೇಖ, ಸರ್ವತ್ರಗ ಎಂದು ಎಂಟು ಬಗೆಗಳನ್ನು ಎಣಿಸುತ್ತಾನೆ. ದಾರಿಗರ ರಕ್ಷಣೆಗಾಗಿಯೂ ಉಪಕಾರಕ್ಕಾಗಿಯೂ ಅಧಿಕಾರಿಗಳಿಗೆ ಹೊರಡಿಸಿ, ಎಲ್ಲೆಡೆಯೂ ತಿಳಿಯಬೇಕಾದುದು ಸರ್ವತ್ರಗ. ‘ಈಡಿಕ್ಟ್’ನ ಬಹಿರಂಗ ಸ್ವಭಾವವು ಅದರಲ್ಲಿ ಚೆನ್ನಾಗಿ ಕಾಣುತ್ತದೆ. ಯಾಜ್ಞವಲ್ಕ್ಯನ ಕಾಲಕ್ಕೆ ಭೂಮಿದಾನವನ್ನು ಬಟ್ಟೆಯ ಮೇಲೋ ತಾಮ್ರಪಟದ ಮೇಲೋ ಬರೆಯಿಸಿ ಮುದ್ರೆಯೊತ್ತಿ ಕೊಡುವ ಪತ್ರವು ಶಾಸನವೆನಿಸಿತು. ವಸಿಷ್ಠನ ಹೆಸರಿನಲ್ಲಿ ನಿಬಂಧಕಾರರು ಎತ್ತಿಕೊಂಡಿರುವ ವಿಭಾಗದಲ್ಲಿ ಶಾಸನ, ಜಯಪತ್ರ, ಆಜ್ಞಾಪತ್ರ, ಪ್ರಜ್ಞಾಪನಪತ್ರ ಎಂದು ರಾಜಕೀಯ ಲೇಖ್ಯಗಳು ನಾಲ್ಕು. ಅಲ್ಲಿ ಆಜ್ಞೆಯು ಶಾಸನದಿಂದ ಬೇರೆಯಾಗಿ ನಿಂತಿರುವುದನ್ನು ಗಮನಿಸಬೇಕು. ಕನ್ನಡನಾಡಿನಲ್ಲಿ ಸಾವಿರಗಟ್ಟಲೆ ಕಲ್ಲುಗಳೂ ತಾಮ್ರಪಟಗಳೂ ದಾನದವೇ ಆದುದರಿಂದ ಶಾಸನವೆಂದರೆ ದಾನದ ಬರಹವೆಂದಾಗಿ, ಅಲ್ಲಿಂದ ಕಲ್ಲಿನ ಮೇಲಿನ ಯಾವ ಬರಹವಾದರೂ ಸರಿ ಎಂದಾಯಿತು. ವೀರಗಲ್ಲಿನ ಕೆಳಗಿನ ಎರಡು ಸಾಲಿಗೂ ಈಗ ಶಾಸನವೆಂದೇ ಹೆಸರು. ಮಡಿದವನು ಯಾರಿಗೆ ಏನನ್ನು ಶಾಸಿಸಿದನು? ಇತ್ತ ಆಧುನಿಕ ರಾಜ್ಯಪದ್ಧತಿಯು ಬಂದ ಮೇಲೆ ಸಭೆಯಲ್ಲಿ ಅಂಗೀಕೃತವಾದ ಕಾಯಿದೆಗೂ ಇದೇ ಶಬ್ದ ಸಂದು, ಅದನ್ನು ಮಾಡುವವರು ಶಾಸಕರಾದರು. ಮೂರು ಇಂಗ್ಲಿಷ್ ಶಬ್ದಗಳ ಹೊರೆಯನ್ನು ಒಂದು ಕನ್ನಡ ಶಬ್ದವು ಹೊತ್ತಿದೆ.

ಬೇರೆ ಶಬ್ದಗಳು ಇಲ್ಲದಿಲ್ಲ. ಹಳಗನ್ನಡದ ‘ಬೆಸ’, ವಿಜಯನಗರ ಕಾಲದ ಬರಹಗಳಲ್ಲಿ ಹೇರಳವಾಗಿ ಬರುವ ‘ನಿರೂಪ’, ತುರುಕರ ಆಳಿಕೆಯಿಂದ ಬಂದ ‘ಫರ್ಮಾನು’, ‘ಹುಕುಂ’, ಮನೆಮಾತಿನ ‘ಅಪ್ಪಣೆ’, ‘ಕಟ್ಟಪ್ಪಣೆ’ ಇವೆಲ್ಲವೂ ಆಜ್ಞೆಯ ಪರ್ಯಾಯಗಳೇ. ‘ಸುಗ್ರೀವಾಜ್ಞೆ’ಯು ಒಂದು ಕಾಲದಲ್ಲಿ ಮೀರಲಾರದ ಆಜ್ಞೆಯೆಂಬ ಲಕ್ಷಣಾರ್ಥದಲ್ಲಿದ್ದು, ಈಗ ವಿಧಾನಮಂಡಲವು ಕೂಡದಿರುವಾಗ ರಾಜ್ಯಪಾಲರು ಹೊರಡಿಸುವ ‘ಆರ್ಡಿನೆನ್ಸ್’ಗೆ ಕಟ್ಟುಬಿದ್ದಿದೆ; ಅದನ್ನು ಇಲ್ಲಿ ತರುವುದು ಗೊಂದಲಕ್ಕೆ ದಾರಿ. ‘ಡಿಕ್ರೀ’ ಎಂಬುದನ್ನು ಸಿವಿಲು ವ್ಯಾಜ್ಯವನ್ನು ಕಂಡ ಯಾವ ರೈತನೂ ಬಲ್ಲನು. ಅದು ವಾದಪ್ರತಿವಾದಗಳ ಮೇಲೆ ನ್ಯಾಯಸ್ಥಾನವು ಕೊಡುವ ತೀರ್ಮಾನ. ‘ಈಡಿಕ್ಟ್’ಗೆ ಪ್ರತಿವಾದಿಯಿಲ್ಲ, ಮೇಲಿನಿಂದ ಬರುವುದೊಂದೇ ಅದರ ದಿಕ್ಕು. ‘ಪ್ರೊಕ್ಲಮೇಷನ್’ ಎಂಬ ಘೋಷಣೆಯಲ್ಲಿ ಸುದ್ದಿ ಮಾತ್ರವೂ ಇರಬಹುದು. ‘ಈಡಿಕ್ಟ್’ನಲ್ಲಿ ಪಾಲಿಸಬೇಕಾದ ವಿಧಿಯಿರಬೇಕು.

ಪ್ರಯೋಗದಲ್ಲಿ ಉಪಾಧ್ಯಾಯರು ಗಮನಿಸತಕ್ಕುದು ಕೆಲವುಂಟು. ‘ಈಡಿಕ್ಟ್’ ಎಣಿಸಬಹುದಾದ ನಾಮಪದ. ಅದರೊಡನೆ ಬರುವ ಕ್ರಿಯೆಗಳು ಹೊರಡಿಸು, ಸಾರು, ರದ್ದುಮಾಡು ಎಂಬರ್ಥದವು. ಕೆತ್ತು, ಓದು, ಕಂಡುಹಿಡಿ ಎಂಬುವನ್ನು ಹೇಳುವಾಗ ‘ಇನ್‌ಸ್ಕ್ರಿಪ್ಷನ್’ ಎಂಬುದೇ ಹಿತ. ರೈಸ್‌ರವರು ೧೮೯೨ರಲ್ಲಿ ಕಂಡುಹಿಡಿದುದು ಅಶೋಕನ ‘ಇನ್‌ಸ್ಕ್ರಿಪ್ಷನ್’ಗಳನ್ನು, ಅಶೋಕನು ಹೊರಡಿಸಿದುದು ‘ಈಡಿಕ್ಟ್’ಗಳನ್ನು. ರೂಢಿಯು ಈ ಕಟ್ಟನ್ನು ಸಡಿಲಿಸಿದೆ ನಿಜ. ೧೮೩೭ರಲ್ಲಿ ಬ್ರಾಹ್ಮಿಯನ್ನು ಬಿಡಿಸಿದ ಜೇಮ್ಸ್ ಪ್ರಿನ್ಸೆಪ್ ಅವರೇ ಮರುವರ್ಷದ ತಮ್ಮ ಲೇಖನದ ತಲೆಬರಹದಲ್ಲಿ ‘ಈಡಿಕ್ಟ್ಸ್’ ಎಂದರು, ಅಂದಿನಿಂದ ಬಂಡೆಯೂ ಆಜ್ಞೆಯೂ ಆ ಒಂದು ಹೆಸರಿನಿಂದ ನಡೆದುಬಂದಿವೆ. ಆದರೂ ಮಕ್ಕಳಿಗೆ ಮೊದಲು ಭೇದವನ್ನು ಕಲಿಸಿ, ರೂಢಿಯ ಸಡಿಲನ್ನು ಆಮೇಲೆ ತಿಳಿಸುವುದು ಲೇಸು. ಈಗಿನ ಇಂಗ್ಲಿಷಿನಲ್ಲಿ ಈ ಶಬ್ದಕ್ಕೆ ಸ್ವಲ್ಪ ಹುಳಿಯೂ ಸೇರಿದೆ. ಕಚೇರಿಯ ಮೇಲಧಿಕಾರಿಯ ಹೊಸ ನಿಯಮವನ್ನು ‘ಈಡಿಕ್ಟ್’ ಎಂದರೆ ಕೇಳುವವರನ್ನು ಕೇಳದೆ ಮಾಡಿದುದೆಂಬ ಆಕ್ಷೇಪಣೆ ಅದರಲ್ಲಿದೆ. ನಮ್ಮ ವೃತ್ತಪತ್ರಿಕೆಗಳು ‘ಫರ್ಮಾನು ಹೊರಡಿಸಿದರು’ ಎಂದು ಬರೆಯುವಾಗಿನ ಧ್ವನಿಯೇ ಅದು. ಈ ಧ್ವನಿಯನ್ನು ಅಶೋಕನ ಮೇಲೆ ಹೇರಬಾರದು.

ಅಶೋಕನ ಮೂಲದ ‘ಆಣಪಯತಿ’ಗೆ ಕನ್ನಡದಲ್ಲಿಯೇ ಸಂತತಿಯಿದೆ. ಸಂಸ್ಕೃತದ ‘ಆಜ್ಞಾ’ ಶಬ್ದವು ಪ್ರಾಕೃತದಲ್ಲಿ ‘ಆಣಾ’ ಎಂದಾಗಿ ನಮ್ಮಲ್ಲಿ ‘ಆಣೆ’ಯಾಯಿತು, ‘ಆಜ್ಞಪ್ತಿ’ಯು ‘ಆಣತ್ತಿ’ಯಾಗಿ ‘ಆಣತಿ’ಯಾಯಿತು. ದೊರೆಯ ನುಡಿಯಲ್ಲಿ ವಿಧಿಯ ಅಂಶವನ್ನು ತೋರಿಸಬೇಕಾದಲ್ಲಿ ‘ಆಣತಿ’ಗಿಂತ ತಕ್ಕ ಮಾತು ಬೇಕಿಲ್ಲ. ಬಹಿರಂಗದ ಅಂಶವನ್ನು ತೋರಿಸುವುದಕ್ಕೆ ಹಳಗನ್ನಡದಲ್ಲಿ ಶಕಟರೇಫದಿಂದ ಬರೆಯುತ್ತಿದ್ದ ‘ಸಾಱು’ ಎಂಬ ಅಚ್ಚ ದೇಶ್ಯಧಾತುವಿದೆ. ‘ಸಾರಿದ ಆಣತಿ’ ಎಂದರೆ ‘ಈಡಿಕ್ಟ್’ನ ಎರಡು ಅಂಗಗಳೂ ಬಂದುವು. ಚಳ್ಳಕೆರೆ ಮೊಳಕಾಲ್ಮೂರುಗಳ ಎಷ್ಟೋ ಮನೆಗಳಲ್ಲಿ ತೆಲುಗು ಮನೆಮಾತು; ರಾಯದುರ್ಗದ ಗಡಿಯು ಹತ್ತಿರದಲ್ಲಿಯೇ ಇದೆ. ತೆಲುಗಿನಲ್ಲಿ ಅದೇ ಶಬ್ದವು ‘ಆನತಿ’ಯೆಂದು ಬಳಕೆಯಲ್ಲಿರುವುದರಿಂದ ಅಲ್ಲಿಯ ಮಕ್ಕಳಿಗೆ ಈ ಅರ್ಥವನ್ನು ಎರಡು ಭಾಷೆಗಳ ಕಡೆಯಿಂದ ಹಿಡಿಸಬಹುದು. ‘ಶಾಸನ’ದ ತೊಡಕು ಮಾತ್ರ ತೆಲುಗಿನಲ್ಲಿಯೂ ಹಾಗೆಯೇ ಉಂಟು, ಅಲ್ಲಿಯೂ ಕಲ್ಲಿನ ಬರಹವು ಶಾಸನ, ಕಾಯಿದೆಯ ಸಭೆಯು ಶಾಸನಸಭೆ.

ಈ ಬಂಡೆಗಳಿಗೆ ಆ ಸೀಮೆಯ ಜನರು ಇಟ್ಟುಕೊಂಡಿದ್ದ ಹೆಸರುಗಳು ಇಲ್ಲಿ ನೆನೆಯತಕ್ಕವು. ಬ್ರಹ್ಮಗಿರಿಯದಕ್ಕೆ ‘ಅಕ್ಷರಗುಂಡು’ ಎಂದು ಹೆಸರು. ಜಟಿಂಗ ರಾಮೇಶ್ವರದ ಬೆಟ್ಟದ ಮೇಲಿನದು ‘ಬಳೆಗಾರಗುಂಡು’. ಜಾತ್ರೆಯಲ್ಲಿ ಬಳೆಗಾರರು ಅಂಗಡಿ ಹೂಡುತ್ತಿದ್ದುದು ಅದರ ಮೇಲೆ, ಬರಹವು ಬಹಳ ಸವೆದಿರುವುದೂ ಅದರಲ್ಲಿಯೇ. ‘ಅಕ್ಷರಗುಂಡು’ ಎಂದವರು ಕಂಡುದನ್ನು ಕಂಡ ಹಾಗೆ ಹೇಳಿದರು: ಕಲ್ಲಿನ ಮೇಲೆ ಅಕ್ಷರವಿದೆ. ‘ಇನ್‌ಸ್ಕ್ರಿಪ್ಷನ್’ ಎಂಬುದಕ್ಕೆ ಇದಕ್ಕಿಂತ ನೆಟ್ಟನೆಯ ಕನ್ನಡವಿಲ್ಲ. ಆಣತಿಯು ಮಾತ್ರ ಸಾರುವವರಿಲ್ಲದೆ ಅಕ್ಷರದೊಳಗೆ ಮೌನವಾಗಿತ್ತು. ೧೮೯೨ರವರೆಗೆ ಅದನ್ನು ಓದಿ ಹೇಳುವವರಿರಲಿಲ್ಲ. ಎರ್ರಗುಡಿಯ ಪ್ರತಿಯಲ್ಲಿ, ಪ್ರಾಚೀನ ರೀತಿಯಂತೆ ತಮ್ಮ ಅಂತೇವಾಸಿಗಳಿಗೆ ಇದನ್ನು ಕಲಿಸಬೇಕೆಂಬ ಅಪ್ಪಣೆಯು ಬ್ರಾಹ್ಮಣರಿಗೂ, ಆನೆಯನ್ನು ಏರುವವರಿಗೂ, ಕರಣಿಕರಿಗೂ ಹೋಗಿದೆ.